ಅಂಗಿ ತುದಿಯಿಂದ ಲೆನ್ಸ್ ಒರೆಸೋ ಮುಂಚೆ

ಮಲ್ಪೆ ಬೀಚ್, ಸೂರ್ಯ ಮುಳುಗೋ ಹೊತ್ತು. ಗಾಳಿಗೆ ಹಾರಿ ಬಂದ ಉಪ್ಪುನೀರಿನ ಹನಿ ಲೆನ್ಸ್ ಮೇಲೆ ಕೂತಿತ್ತು. ಬೆಳಕು ಹೋಗಿಬಿಡುತ್ತೆ ಅನ್ನೋ ಅವಸರದಲ್ಲಿ ಟೀಶರ್ಟ್ ತುದಿಯಿಂದ ಒರೆಸಿಬಿಟ್ಟೆ. ರೂಮಿಗೆ ಬಂದು ನೋಡಿದರೆ ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು! ಬಟ್ಟೆಯಲ್ಲಿ ಮರಳಿನ ಕಣ ಇತ್ತು. ಮೊದಲ ಬೋನಸ್‌ನಲ್ಲಿ ತಗೊಂಡ ಲೆನ್ಸ್ ಅದು. ಆ ರಾತ್ರಿ ಊಟ ಸೇರಲಿಲ್ಲ.

ಮರುವಾರವೇ ಆನ್‌ಲೈನ್‌ನಲ್ಲಿ ಕಂಡ ಅತಿ ಅಗ್ಗದ ಯುವಿ ಫಿಲ್ಟರ್ ತರಿಸಿ ಹಾಕಿದೆ. ಇನ್ನು ಚಿಂತೆಯಿಲ್ಲ ಅಂದುಕೊಂಡೆ. ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಹಣತೆ ಹಚ್ಚೋ ಫೋಟೋ ತೆಗೆದೆ. ಕತ್ತಲಲ್ಲಿ ತಲೆಕೆಳಗಾದ ಹಸಿರು ದೀಪಗಳು ತೇಲ್ತಿದ್ದವು. ಒಂದಂತೂ ಅಜ್ಜಿಯ ಕೆನ್ನೆ ಮೇಲೇ. “ಇದೇನೋ ಮಗಾ, ನನ್ನ ಮುಖಕ್ಕೆ ಪಾಚಿ ಕಟ್ಟಿದೆ?” ಅಂದರು.

ತಪ್ಪು ಫಿಲ್ಟರಿನದು. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ವಾಪಸ್ ಎಸೆಯುತ್ತೆ. ಲೆನ್ಸಿನ ಒಳಗಿಂದ ಹಿಂದಿರುಗಿದ ದೀಪದ ಬೆಳಕು ಆ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಹೋಗಿ ಹೀಗೆ ‘ಭೂತದೀಪ’ ಆಗುತ್ತೆ. ಒಳ್ಳೆಯ ಮಲ್ಟಿಕೋಟೆಡ್ ಫಿಲ್ಟರ್‌ನಲ್ಲಿ ಇದು ತುಂಬಾ ಕಡಿಮೆ.

ಇನ್ನೊಂದು ವಿಷಯ. ಯುವಿ ಫಿಲ್ಟರ್ ಬೇಕಿದ್ದದ್ದು ಫಿಲ್ಮ್ ಕಾಲಕ್ಕೆ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಅದನ್ನು ತಡೆಯೋ ಗಾಜು ಮೊದಲೇ ಇರುತ್ತೆ. ಹಾಗಾಗಿ ಇವತ್ತು ಫಿಲ್ಟರ್ ಅಂದರೆ ಬರೀ ಕಾವಲುಗಾರ. ಸಮುದ್ರ, ಸಫಾರಿ ಜೀಪಿನ ಧೂಳು, ಆಗುಂಬೆಯ ಮಳೆ ಇದ್ದಲ್ಲಿ ಹಾಕಿ. ರಾತ್ರಿ ದೀಪಗಳ ಮುಂದೆ ಬಿಚ್ಚಿಡಿ. ಕೊಳ್ಳುವಾಗ ‘ಮಲ್ಟಿಕೋಟೆಡ್’ ಅಂತ ಇದೆಯಾ ನೋಡಿ. ಅಳತೆ ಲೆನ್ಸಿನ ಮೇಲೇ Ø ಗುರುತಿನ ಪಕ್ಕ ಇರುತ್ತೆ. 67 ಇದ್ದರೆ 67 ಮಿ.ಮೀ. ಫಿಲ್ಟರ್ರೇ ಬೇಕು. ಕೈತಪ್ಪಿ ಎಲ್ಲಾದರೂ ತಗುಲುತ್ತೆ ಅನ್ನೋ ಭಯಕ್ಕೆ ಫಿಲ್ಟರ್‌ಗಿಂತ ಲೆನ್ಸ್ ಹುಡ್ ವಾಸಿ.

ಕ್ಲೀನಿಂಗ್‌ಗೆ ದುಬಾರಿ ಕಿಟ್ ಬೇಡ. ರಬ್ಬರ್ ಬ್ಲೋವರ್, ಮೆತ್ತನೆ ಬ್ರಷ್, ಮೈಕ್ರೋಫೈಬರ್ ಬಟ್ಟೆ, ಪುಟ್ಟ ಬಾಟಲಿ ಲೆನ್ಸ್ ದ್ರಾವಣ ಇಷ್ಟು ಸಾಕು. ಮುಖ್ಯವಾದದ್ದು ಕ್ರಮ. ಮೊದಲು ಲೆನ್ಸನ್ನು ಕೆಳಮುಖ ಮಾಡಿ ಬ್ಲೋವರ್‌ನಿಂದ ಗಾಳಿ ಹಾಕಿ, ಆಮೇಲೆ ಬ್ರಷ್. ಬಟ್ಟೆ ಕೊನೆಗೆ, ಅದೂ ಬೆರಳಚ್ಚು ಇದ್ದರೆ ಮಾತ್ರ. ದ್ರಾವಣವನ್ನು ಬಟ್ಟೆಗೆ ಹಾಕಿ, ನೇರ ಗಾಜಿಗಲ್ಲ. ಅಂಚಿನಿಂದ ಒಳಗೆ ಇಳಿದೀತು. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತೆ. ಬಟ್ಟೆಯನ್ನು ಆಗಾಗ ಒಗೀರಿ, ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಫಂಗಸ್ ಭಯ ಕಡಿಮೆ.

ಮುಂದಿನ ದೀಪಾವಳಿಗೆ ಫಿಲ್ಟರ್ ಬಿಚ್ಚಿ ಅಜ್ಜಿ ಫೋಟೋ ತೆಗೆದೆ. ಕೆನ್ನೆ ಮೇಲೆ ಹಣತೆಯ ಬೆಳಕು ಮಾತ್ರ ಇತ್ತು. ಮಲ್ಪೆಯ ಗೀರು ಲೆನ್ಸ್ ಮೇಲೆ ಈಗಲೂ ಇದೆ. ಆದರೆ ಇವತ್ತಿನವರೆಗೂ ಯಾವ ಫೋಟೋದಲ್ಲೂ ಕಂಡಿಲ್ಲ. ಕಾಣದ ಗೀರಿಗೆ ಹೆದರಿ, ಕಾಣೋ ದೀಪವನ್ನೇ ಕೆಡಿಸಿಕೊಂಡಿದ್ದೆ ನೋಡಿ.