ಒಂದು ಕಾಲಿನ ಲೆಕ್ಕ

ಮಕ್ಕಳೇ, ಈ ವಾರ ಲೆಕ್ಕದಿಂದಲೇ ಆರಂಭಿಸೋಣ. ಒಂಬತ್ತು ವರ್ಷಗಳಲ್ಲಿ ವಿಮಾನಗಳು ಬಾಂಬು ಹಾಕಲು 5,80,000 ಸಲ ಹಾರಿದರೆ, ಎಷ್ಟು ನಿಮಿಷಕ್ಕೆ ಒಂದು ಹಾರಾಟವಾಯಿತು? ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕಾಗದದ ಮೇಲೆ ಮಾಡಿ. ಮೊಬೈಲ್ ಬೇಡ. ಹಗಲು ರಾತ್ರಿ ಎರಡನ್ನೂ ಸೇರಿಸಿದರೆ ಸುಮಾರು ಎಂಟು ನಿಮಿಷಕ್ಕೆ ಒಂದು ಎಂಬ ಉತ್ತರ ಬರುತ್ತದೆ.

ಇದು ಪಠ್ಯಪುಸ್ತಕಕ್ಕೆಂದು ಹೊಸೆದ ಲೆಕ್ಕವಲ್ಲ. 1964ರಿಂದ 1973ರವರೆಗೆ ಲಾವೋಸ್ ಎಂಬ ದೇಶದ ಮೇಲೆ ನಿಜವಾಗಿ ನಡೆದದ್ದು. ಭೂಪಟ ಬಿಡಿಸಿ ನೋಡಿ. ವಿಯೆಟ್ನಾಂ ಮತ್ತು ಥಾಯ್ಲೆಂಡ್ ನಡುವೆ, ಮೆಕಾಂಗ್ ನದಿಯ ಉದ್ದಕ್ಕೂ ಮಲಗಿರುವ, ಸಮುದ್ರತೀರವೇ ಇಲ್ಲದ ನಾಡು ಅದು. ಪಕ್ಕದ ವಿಯೆಟ್ನಾಂನಲ್ಲಿ ಆಗ ಯುದ್ಧ. ಉತ್ತರ ವಿಯೆಟ್ನಾಂನ ಸೈನ್ಯ ಲಾವೋಸಿನ ಕಾಡುದಾರಿಗಳಲ್ಲಿ ಸಾಮಾನು ಸಾಗಿಸುತ್ತಿತ್ತು. ಆ ದಾರಿಯನ್ನು ಮುರಿಯಬೇಕು, ಲಾವೋಸಿನೊಳಗಿನ ಕಾಳಗದಲ್ಲಿ ತನ್ನ ಕಡೆಯವರಿಗೆ ನೆರವಾಗಬೇಕು ಎಂದು ಅಮೆರಿಕ ಅಲ್ಲಿ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು.

ಯುದ್ಧ ಮುಗಿದು ಐವತ್ತು ವರ್ಷ ದಾಟಿದೆ. ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ. ಸುರಿದ ಬಾಂಬುಗಳಲ್ಲಿ ಒಂದು ಬಗೆ ಇತ್ತು. ದೊಡ್ಡದೊಂದು ಕೋಶ ಆಕಾಶದಲ್ಲೇ ಬಾಯಿ ತೆರೆದು ನೂರಾರು ಮರಿಬಾಂಬುಗಳನ್ನು ಚೆಲ್ಲುತ್ತದೆ. ಹಾಗೆ ಬಿದ್ದ ಮರಿಬಾಂಬುಗಳು ಸುಮಾರು 27 ಕೋಟಿ. ಅವುಗಳಲ್ಲಿ 8 ಕೋಟಿಯಷ್ಟು ಸಿಡಿಯದೆ ನೆಲದಲ್ಲಿ ಉಳಿದವು ಎಂದು ಅಂದಾಜು.

ಅಲ್ಲಿನ ಜನ ಇದನ್ನು ‘ಬೊಂಬಿ’ ಎನ್ನುತ್ತಾರೆ. ನಮ್ಮ ಕಿವಿಗೆ ‘ಬೊಂಬೆ’ ಎಂದಂತೆಯೇ ಕೇಳುತ್ತದೆ! ಗಾತ್ರವೂ ಟೆನಿಸ್ ಚೆಂಡಿನಷ್ಟೇ. ಆಟದ ಸಾಮಾನೆಂದು ಮಕ್ಕಳು ಎತ್ತಿಕೊಂಡು ಅನಾಹುತವಾಗಿದೆ. ರೈತ ಗದ್ದೆ ಅಗೆಯುವಾಗ ಗುದ್ದಲಿ ತಾಗಿ ಸಿಡಿದಿದೆ. ಅಡುಗೆಗೆಂದು ನೆಲದ ಮೇಲೆ ಬೆಂಕಿ ಹಾಕಿದಾಗ ಕೆಳಗೆ ಹೂತುಹೋಗಿದ್ದದ್ದು ಕಾದು ಸಿಡಿದಿದೆ. ಗುಜರಿಗೆ ಮಾರಿದರೆ ನಾಲ್ಕು ಕಾಸು ಸಿಗುತ್ತದೆಂದು ಕಬ್ಬಿಣ ಹುಡುಕಲು ಹೋದವರೂ ಸಿಕ್ಕಿಬಿದ್ದಿದ್ದಾರೆ. ನೆಲಬಾಂಬನ್ನು ಬೇಕೆಂದೇ ಹೂಳುತ್ತಾರೆ, ಇದು ಮೇಲಿನಿಂದ ಬಿದ್ದದ್ದು. ಕಾಲು ಕಳೆದುಕೊಂಡವರಿಗೆ ಎರಡೂ ಒಂದೇ.

ಅಂಥವರಿಗಾಗಿ 1997ರಲ್ಲಿ ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಒಂದು ಸಣ್ಣ ಸಂಸ್ಥೆ ಹುಟ್ಟಿತು. ಅದರ ಹೆಸರು ‘ಕೋಪ್’. ನಮ್ಮ ಕೋಪವಲ್ಲ ಮಕ್ಕಳೇ. ಇಂಗ್ಲಿಷಿನ ಆ ಮಾತಿಗೆ ‘ನಿಭಾಯಿಸು’ ಎಂದು ಅರ್ಥ. ಅಲ್ಲಿನ ಸರ್ಕಾರದ ಪುನರ್ವಸತಿ ಕೇಂದ್ರಗಳ ಜೊತೆ ಸೇರಿ ಅದು ಕೃತಕ ಕಾಲು, ಕೈ, ಗಾಲಿಕುರ್ಚಿ ಒದಗಿಸುತ್ತದೆ. ಬಾಂಬಿನಿಂದ ಗಾಯಗೊಂಡವರಿಗೆ ಮಾತ್ರ ಎಂಬ ನಿಯಮವಿಲ್ಲ. ರಸ್ತೆ ಅಪಘಾತದಲ್ಲಿ ಕಾಲು ಹೋದವರು, ಪಾದ ಒಳಕ್ಕೆ ತಿರುಗಿ ಹುಟ್ಟಿದ ಮಕ್ಕಳು, ಕಾಯಿಲೆಯಿಂದ ನಡೆಯಲಾಗದವರು, ಎಲ್ಲರೂ ಬರುತ್ತಾರೆ.

ಅಲ್ಲಿ ಒಂದು ಪುಟ್ಟ ವಸ್ತುಪ್ರದರ್ಶನವೂ ಇದೆ. ಜನ ತಾವೇ ಮಾಡಿಕೊಂಡಿದ್ದ ಕಾಲುಗಳನ್ನು ಅದರಲ್ಲಿ ಇಟ್ಟಿದ್ದಾರೆ. ಮರದ್ದು, ಬಿದಿರಿನದು, ಕೆಲವು ಬಾಂಬಿನ ಲೋಹದಿಂದಲೇ ಮಾಡಿದ್ದು. ಕೇಂದ್ರದಲ್ಲಿ ಹೊಸ ಕಾಲು ಸಿಕ್ಕಿದಾಗ ಅವರು ಬಿಟ್ಟುಹೋದವು ಅವು. ತನ್ನ ಕಾಲು ಕಿತ್ತುಕೊಂಡ ಲೋಹದಿಂದಲೇ ಇನ್ನೊಂದು ಕಾಲು ಮಾಡಿಕೊಂಡು ಗದ್ದೆಗೆ ಹೋಗುವ ಮನುಷ್ಯನ ಛಲವನ್ನು ಏನೆನ್ನೋಣ!

ಇನ್ನು ನಾನು ಹೇಳಬೇಕೆಂದಿದ್ದ ಲೆಕ್ಕಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿ ಎಫ್‌ಡಿ ಎಂದರೆ ಒಮ್ಮೆ ಹಣ ಕಟ್ಟಿ ಸುಮ್ಮನಿರುವುದು. ಆರ್‌ಡಿ ಎಂದರೆ ತಿಂಗಳು ತಿಂಗಳೂ ಕಟ್ಟುತ್ತಲೇ ಇರುವುದು. ಕೃತಕ ಕಾಲನ್ನು ನಾವು ಎಫ್‌ಡಿ ಎಂದುಕೊಂಡಿದ್ದೇವೆ, ಒಮ್ಮೆ ಕೊಟ್ಟರೆ ಮುಗಿಯಿತು ಎಂದು. ಅದು ನಿಜವಾಗಿ ಆರ್‌ಡಿ. ನಿಮ್ಮ ಶಾಲೆಯ ಬೂಟು ವರ್ಷಕ್ಕೊಮ್ಮೆ ಬಿಗಿಯಾಗುವುದಿಲ್ಲವೆ? ಮಗು ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ. ವರ್ಷ ತುಂಬುವ ಮೊದಲೇ ಎಷ್ಟೋ ಮಕ್ಕಳಿಗೆ ಬೇರೆ ಕಾಲು ಬೇಕಾಗುತ್ತದೆ. ದೊಡ್ಡವರಾದ ಮೇಲೂ ಅದು ಸವೆಯುತ್ತದೆ, ಸಡಿಲವಾಗುತ್ತದೆ.

ಎಂಟು ವರ್ಷದ ಹುಡುಗಿಯೊಬ್ಬಳು ಕಾಲು ಕಳೆದುಕೊಂಡಳು ಎನ್ನೋಣ. ಹದಿನೆಂಟು ತುಂಬುವವರೆಗೆ ವರ್ಷಕ್ಕೊಂದರಂತೆ 10 ಕಾಲು. ಆಮೇಲೆ ಮೂರು ವರ್ಷಕ್ಕೊಂದರಂತೆ ಹಿಡಿದರೂ ಅರವತ್ತರವರೆಗೆ 14. ಒಟ್ಟು 24 ಕಾಲು! ಪ್ರತಿ ಸಲವೂ ಉಳಿದ ಕಾಲಿನ ಅಚ್ಚು ತೆಗೆಯಬೇಕು, ಪ್ಲಾಸ್ಟಿಕ್ ಹಾಳೆ ಕಾಯಿಸಿ ಅಚ್ಚಿಗೆ ಹೊಂದಿಸಬೇಕು, ಹೊಸ ಕಾಲಿನಲ್ಲಿ ಸರಳು ಹಿಡಿದು ನಡೆಯುವುದನ್ನು ಮತ್ತೆ ಅಭ್ಯಾಸ ಮಾಡಬೇಕು.

ಇದರ ಜೊತೆಗೆ ರಸೀದಿಯಲ್ಲಿ ಕಾಣದ ಖರ್ಚುಗಳಿವೆ. ಬೆಟ್ಟದ ಹಳ್ಳಿಯಿಂದ ಕೇಂದ್ರಕ್ಕೆ ಬರಲು ಬಸ್ ಚಾರ್ಜು ಬೇಕು. ಅಲ್ಲಿ ಕೆಲವು ದಿನ ಊಟ, ವಸತಿ ಬೇಕು. ಕಾಲು ಉಚಿತ ಎಂದರೂ ಬಸ್ಸಿಗೆ ಕಾಸಿಲ್ಲದವರು ಮನೆಯಲ್ಲೇ ಉಳಿಯುತ್ತಾರೆ. ಕೋಪ್ ಕಾಲಿನ ಜೊತೆಗೆ ಬಡವರ ಪ್ರಯಾಣ, ಊಟ, ವಸತಿಯ ಖರ್ಚನ್ನೂ ಭರಿಸುತ್ತದೆ. ನನಗೆ ಬಹಳ ಮೆಚ್ಚುಗೆಯಾದದ್ದು ಇದೇ.

ಕಾಲು ಅಲ್ಲಿನ ಬದುಕಿಗೂ ಒಗ್ಗಬೇಕು. ಲಾವೋಸಿನವರೂ ನಮ್ಮ ಹಾಗೆ ಚಾಪೆಯ ಮೇಲೆ ಕುಳಿತು ಕೈಯಲ್ಲೇ ಅನ್ನ ತಿನ್ನುವವರು, ಕೆಸರುಗದ್ದೆಗೆ ಇಳಿಯುವವರು. ನಮ್ಮ ದೇಶದಲ್ಲಿ ಇದನ್ನು ಮೊದಲೇ ಅರಿತವರು ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಥಿ. ಬರಿಗಾಲಲ್ಲಿ ನಡೆಯಲು, ಕುಕ್ಕರಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು ಆಗುವಂಥ ರಬ್ಬರಿನ ಪಾದವನ್ನು 1960ರ ದಶಕದ ಕೊನೆಯಲ್ಲಿ ಅವರು ರೂಪಿಸಿದರು. ಅದೇ ‘ಜೈಪುರ ಕಾಲು’ ಎಂದು ಹೆಸರಾಯಿತು.

2016ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ಕೋಪ್ ಕೇಂದ್ರಕ್ಕೆ ಬಂದಿದ್ದರು. ಲಾವೋಸಿನ ನೆಲ ಶುಚಿಗೊಳಿಸುವ ಕೆಲಸಕ್ಕೆ ಮೂರು ವರ್ಷಗಳಲ್ಲಿ 9 ಕೋಟಿ ಡಾಲರ್ ಕೊಡುವುದಾಗಿ ಆ ಭೇಟಿಯಲ್ಲಿ ಘೋಷಿಸಿದರು. ಒಳ್ಳೆಯದೇ. ಆದರೆ ಆ ಹುಡುಗಿಯ ಲೆಕ್ಕ ಮೂರು ವರ್ಷಕ್ಕೆ ಮುಗಿಯುವುದಿಲ್ಲವಲ್ಲ!

ಅಜ್ಜ ಅಜ್ಜಿಯರೇ, ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ನಾವು ವಿಕಲಚೇತನರಿಗೆ ದಾನ ಕೊಡುವುದುಂಟು. ವೇದಿಕೆಯ ಮೇಲೆ ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದೂ ಉಂಟು. ಇನ್ನು ಮುಂದೆ ಕೊಡುವಾಗ ಎರಡು ಪ್ರಶ್ನೆ ಕೇಳೋಣ. ಇದರ ಗಾಲಿ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ? ಈ ಮಗು ಬೆಳೆದ ಮೇಲೆ ಮುಂದಿನದನ್ನು ಯಾರು ಕೊಡುತ್ತಾರೆ? ಉತ್ತರ ಗೊತ್ತಿರುವ ಸಂಸ್ಥೆ ಎಷ್ಟೇ ಸಣ್ಣದಾದರೂ ಅದಕ್ಕೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕೊಡೋಣ.

ಮಕ್ಕಳೇ, ನಿಮಗೆ ಈ ವಾರದ ಲೆಕ್ಕ: ಮೇಲಿನ ಹುಡುಗಿಯ ವಯಸ್ಸು ಎಂಟರ ಬದಲು ನಿಮ್ಮ ವಯಸ್ಸೇ ಆಗಿದ್ದರೆ, ಅರವತ್ತರೊಳಗೆ ಎಷ್ಟು ಕಾಲು ಬೇಕಾಗುತ್ತಿತ್ತು? ಮಾಡಿ, ಅಜ್ಜಿಗೆ ತೋರಿಸಿ.