ಸಿರಿಧಾನ್ಯ ಮಾರೋಣ, ಶುಗರ್‌ಗೆ ಮದ್ದು ಅಂತ ಮಾರೋದು ಬೇಡ

ವಾಟ್ಸಾಪ್ ಸ್ಟೇಟಸ್‌ನಲ್ಲೇ ನವಣೆ, ಸಾಮೆ, ರಾಗಿ ಮಾರುವ ಯುವ ರೈತರು ಈಗ ಎಲ್ಲ ಕಡೆ ಸಿಗ್ತಾರೆ. ದಲ್ಲಾಳಿ ಇಲ್ಲದೆ ನೇರ ಗ್ರಾಹಕರಿಗೆ ಮಾಲು ಮುಟ್ಟುತ್ತಿರೋದು ಖುಷಿಯ ವಿಷಯ. ಆದರೆ ಆ ಪೋಸ್ಟ್‌ಗಳ ಕೆಳಗೆ ಒಂದು ಸಾಲು ಪದೇ ಪದೇ ಕಾಣುತ್ತೆ: ‘ಶುಗರ್ ಇರುವವರು ಎಷ್ಟು ಬೇಕಾದರೂ ತಿನ್ನಬಹುದು, ಮಾತ್ರೆಯ ಅಗತ್ಯವಿಲ್ಲ.’ ಆ ಸಾಲನ್ನು ಇವತ್ತೇ ಅಳಿಸಿ ಅಂತ ಕೇಳಿಕೊಳ್ಳೋಕೆ ಈ ಲೇಖನ. ನಾನೂ ಸಿರಿಧಾನ್ಯ ಬೆಳೆದು ಮಾರುತ್ತೇನೆ, ಹಾಗಾಗಿ ಬೆಳೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ನಮ್ಮ ಗ್ರಾಹಕರಲ್ಲಿ ಇವರೂ ಇದ್ದಾರೆ. ನಮ್ಮ ಮನೆಯ ಅಪ್ಪ, ಅಮ್ಮ, ಅಜ್ಜಿಯರೂ ಇದ್ದಾರೆ.

ಲೆಕ್ಕ ನೋಡೋಣ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ರಾಗಿಯಲ್ಲಿ 67, ಜೋಳದಲ್ಲಿ 68, ಸಾಮೆಯಲ್ಲಿ 66. ಅಂದರೆ ಅಕ್ಕಿಗೂ ರಾಗಿಗೂ ಇರುವ ವ್ಯತ್ಯಾಸ 11 ಗ್ರಾಂ ಅಷ್ಟೇ. 100 ಗ್ರಾಂ ಹಿಟ್ಟಿನ ಒಂದು ಮುದ್ದೆ ತಿಂದರೆ 67 ಗ್ರಾಂ, ಎರಡು ತಿಂದರೆ 134 ಗ್ರಾಂ. ‘ರಾಗಿ ತಾನೇ’ ಅಂತ ರಕ್ತ ರಿಯಾಯಿತಿ ಕೊಡೋದಿಲ್ಲ.

ಹಾಗಾದ್ರೆ ಇಡೀ ಧಾನ್ಯದ ಹೆಚ್ಚುಗಾರಿಕೆ ಏನು? ನಾರು. ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂ ಹತ್ತಿರ ನಾರಿದ್ದರೆ ರಾಗಿಯಲ್ಲಿ ಸುಮಾರು 11, ಜೋಳದಲ್ಲಿ 10. ಈ ನಾರು ಪಿಷ್ಟ ಕರಗಿ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತೆ, ಹೊಟ್ಟೆ ಬೇಗ ತುಂಬಿಸುತ್ತೆ. ನಾರಿನ ಹೆಚ್ಚಿನ ಪಾಲು ಇರೋದು ಕಾಳಿನ ಹೊರ ಪದರದಲ್ಲಿ, ಅಂದರೆ ತವುಡಿನಲ್ಲಿ. ತವುಡು ಹೋದರೆ ನಾವು ಹೇಳುವ ಹೆಗ್ಗಳಿಕೆಯೂ ಅದರ ಜೊತೆಗೇ ಹೋಗುತ್ತೆ.

ಮಿಲ್ಲಿನಲ್ಲಿ ಏನಾಗುತ್ತೆ?

ರಾಗಿ, ಜೋಳವನ್ನು ಹಾಗೇ ಬೀಸಬಹುದು, ತವುಡು ಹಿಟ್ಟಿನಲ್ಲೇ ಉಳಿಯುತ್ತೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಹಾಗಲ್ಲ. ಇವುಗಳ ಗಟ್ಟಿ ಹೊಟ್ಟು ತೆಗೆಯಲೇಬೇಕು. ಹೊಟ್ಟು ತೆಗೆದು ನಿಲ್ಲಿಸಿದರೆ ಸರಿ. ಇನ್ನೊಂದು ಸುತ್ತು ಪಾಲಿಶ್ ಕೊಟ್ಟರೆ ತವುಡೂ ಉದುರಿ ಹೋಗುತ್ತೆ. ಪಾಲಿಶ್ ಆಗದ ಸಾಮೆ ಅಕ್ಕಿ ಸ್ವಲ್ಪ ಮಾಸಲು ಬಣ್ಣದ್ದು. ಮಲ್ಲಿಗೆ ಹಾಗೆ ಬೆಳ್ಳಗಿದ್ದರೆ ಅನುಮಾನ ಪಡಿ.

ವ್ಯಾಪಾರಿಗಳು ಪಾಲಿಶ್ ಯಾಕೆ ಕೇಳ್ತಾರೆ? ತವುಡಿನಲ್ಲಿ ಎಣ್ಣೆ ಅಂಶ ಇರೋದರಿಂದ ಪಾಲಿಶ್ ಇಲ್ಲದ ಅಕ್ಕಿ ಬೇಗ ಕಮಟು ವಾಸನೆ ಹಿಡಿಯುತ್ತೆ. ದೊಡ್ಡ ಗೋದಾಮಿಗೆ ಇದು ತಲೆನೋವು. ನಮ್ಮಂಥ ಸಣ್ಣ ಬೆಳೆಗಾರರಿಗೆ ಇದೇ ಅವಕಾಶ. ಧಾನ್ಯವನ್ನು ಹೊಟ್ಟಿನ ಸಮೇತ ಇಟ್ಟುಕೊಳ್ಳಿ, ಆರ್ಡರ್ ಬಂದಷ್ಟೇ ಹೊಟ್ಟು ತೆಗೆಸಿ, ಪ್ಯಾಕೆಟ್ ಮೇಲೆ ಆ ದಿನಾಂಕ ಬರೆಯಿರಿ. ‘ಶುಗರ್‌ಗೆ ಮದ್ದು’ ಅನ್ನೋದಕ್ಕಿಂತ ‘ಪಾಲಿಶ್ ಇಲ್ಲ, ಹೊಟ್ಟು ತೆಗೆದ ದಿನ ಇಂಥದ್ದು’ ಅನ್ನೋ ಮಾತಿಗೆ ತೂಕ ಜಾಸ್ತಿ.

ಅಡುಗೆಮನೆಯ ಪಾಲು

ಒಂದೇ ರಾಗಿ, ಬೇರೆ ಬೇರೆ ಅಡುಗೆ, ಬೇರೆ ಬೇರೆ ಪರಿಣಾಮ. ಹಿಟ್ಟು ನುಣ್ಣಗಾದಷ್ಟೂ, ಗಂಜಿ ತೆಳ್ಳಗಾದಷ್ಟೂ ಪಿಷ್ಟ ಬೇಗ ರಕ್ತ ಸೇರುತ್ತೆ. ಶುಗರ್ ಇದೆ ಅಂತ ಬೆಳಗ್ಗೆ ಲೋಟ ತುಂಬಾ ರಾಗಿ ಮಾಲ್ಟ್ ಕುಡಿದು, ಅದಕ್ಕೆ ಬೆಲ್ಲ ಬೇರೆ ಹಾಕಿಕೊಂಡರೆ ಪ್ರಯೋಜನವೇನು? ಸಾವಯವ ಬೆಲ್ಲ ಅಂದ್ರೂ ರಕ್ತಕ್ಕೆ ಅದು ಸಕ್ಕರೆಯೇ.

‘ಶುಗರ್ ಫ್ರೀ ಅಕ್ಕಿ’ ಕಥೆಯೂ ಇದೇ. ತೆಲಂಗಾಣ ಸೋನಾ ಅಂತ ಕರೆಯುವ ಆರ್‌ಎನ್‌ಆರ್ 15048 ತಳಿಯನ್ನು ಆ ಹೆಸರಿನಲ್ಲಿ ಮಾರೋದುಂಟು. ಬೇರೆ ಬಿಳಿ ಅಕ್ಕಿಗಳಿಗಿಂತ ಅದು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತೆ ಅನ್ನೋದು ಅದರ ಹೆಸರುವಾಸಿ ಗುಣ. ಆದರೆ ನಿಧಾನ ಅಂದರೆ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ. ಎರಡು ತಟ್ಟೆ ತಿಂದರೆ ಏರಿಕೆ ಏರಿಕೆಯೇ.

ತಟ್ಟೆಯ ಅಳತೆ ಹೀಗಿರಲಿ: ಅರ್ಧ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ. ತರಕಾರಿ, ಕಾಳು ಮೊದಲು ತಿಂದು ಮುದ್ದೆ ಆಮೇಲೆ ತಿಂದರೆ ಇನ್ನೂ ಒಳ್ಳೇದು.

ನಮ್ಮ ಹಿರಿಯರ ರಾಗಿ ಹೊಲದಲ್ಲಿ ಬರೀ ರಾಗಿ ಇರ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಇರ್ತಿತ್ತು. ಹೊಲದಲ್ಲಿ ಇದ್ದದ್ದೇ ತಟ್ಟೆಗೂ ಬರ್ತಿತ್ತು. ಅಕ್ಕಡಿ ಬಿಟ್ಟು ಬರೀ ರಾಗಿ ಬೆಳೆದು, ಬರೀ ರಾಗಿ ಮಾರಿ, ಅದರಿಂದಲೇ ಆರೋಗ್ಯ ಬರುತ್ತೆ ಅಂದರೆ ಹೇಗೆ? ಎರಡು ಕೆಜಿ ರಾಗಿ ಜೊತೆ ಒಂದು ಕೆಜಿ ಕಾಳು ಸೇರಿಸಿ ಒಂದೇ ಪ್ಯಾಕ್ ಮಾಡಿ ನೋಡಿ. ತಿನ್ನುವವರಿಗೂ ಒಳ್ಳೇದು, ಮಣ್ಣಿಗೂ ಒಳ್ಳೇದು.

ಮಾತ್ರೆಯ ವಿಷಯ ನಮ್ಮದಲ್ಲ

ನಮ್ಮ ಪೋಸ್ಟ್ ನಂಬಿ ಮಾತ್ರೆ ಬಿಟ್ಟವರ ಸಕ್ಕರೆ ಸದ್ದಿಲ್ಲದೆ ಏರುತ್ತೆ. ಕಣ್ಣು, ಕಿಡ್ನಿ, ಕಾಲಿನ ನರಕ್ಕೆ ಪೆಟ್ಟು ಬೀಳೋವರೆಗೂ ಗೊತ್ತಾಗದೇ ಇರಬಹುದು. ಇದಕ್ಕೆ ಉಲ್ಟಾ ಅಪಾಯವೂ ಇದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಏಕಾಏಕಿ ಊಟದ ಪಿಷ್ಟ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿದು, ಬೆವರು, ನಡುಕ ಬಂದು ಪ್ರಜ್ಞೆ ತಪ್ಪಬಹುದು. ಊಟ ಬದಲಿಸುವ ಮೊದಲು ಡಾಕ್ಟರ ಹತ್ರ ಮಾತಾಡಿ ಅಂತ ಗ್ರಾಹಕರಿಗೆ ಹೇಳೋಣ. ಕಿಡ್ನಿ ತೊಂದರೆ ಇರುವವರಿಗಂತೂ ಇದನ್ನು ತಪ್ಪದೇ ಹೇಳಬೇಕು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಊಟಕ್ಕೆ ಮೊದಲು ಮತ್ತು ಊಟ ಶುರು ಮಾಡಿದ ಎರಡು ಗಂಟೆಗೆ ಪರೀಕ್ಷೆ ಮಾಡಿಕೊಳ್ಳಲಿ. ಯಾವ ಧಾನ್ಯ, ಎಷ್ಟು ಅಳತೆ ತಮಗೆ ಒಗ್ಗುತ್ತೆ ಅಂತ ಅವರಿಗೇ ತಿಳಿಯುತ್ತೆ.

ಕಾನೂನೂ ಇದೆ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತೆ ಅಂತ ಜಾಹೀರಾತು ಮಾಡುವುದಕ್ಕೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ಅಡ್ಡ ಬರುತ್ತವೆ.

ಆದರೆ ದಂಡಕ್ಕಿಂತ ದೊಡ್ಡದು ನಂಬಿಕೆ. ‘ಮದ್ದು’ ಅಂತ ಕೊಂಡವರು ಮೂರು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿಯದಿದ್ದರೆ ಸಿರಿಧಾನ್ಯವನ್ನೇ ಬಿಡ್ತಾರೆ, ನಿಮ್ಮ ನಂಬರನ್ನೂ ಬ್ಲಾಕ್ ಮಾಡ್ತಾರೆ. ‘ಒಳ್ಳೆ ಧಾನ್ಯ, ಅಳತೆಯಲ್ಲಿ ತಿನ್ನಿ, ಕಾಳು ಸೊಪ್ಪು ಜೊತೆಗಿರಲಿ’ ಅಂತ ಕೊಂಡವರು ಮುಂದಿನ ತಿಂಗಳೂ ಫೋನ್ ಮಾಡ್ತಾರೆ. ನಮಗೆ ಬೇಕಿರೋದು ಅಂಥ ಗ್ರಾಹಕರು.