ಹಸಿರಿನ ಕೆಳಗೆ ಒಣಗಿದ ಹಾಸಿಗೆ

ಜಾಲಹಳ್ಳಿ ಅಂದ ಕೂಡಲೇ ಬೆಂಗಳೂರಿನವರಿಗೆ ಮೆಟ್ರೋ ಸ್ಟೇಷನ್ ನೆನಪಾಗುತ್ತೆ. ನಾನು ಹೇಳ್ತಿರೋದು ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ಬಿಸಿಲು, ಬಿರುಕು ಬಿಡೋ ಎರೆಮಣ್ಣು. ಇಂಥ ಕಡೆ ಮನೆ ಮುಂದೆ ಲಾನ್ ಯಾಕೆ ಅಂತ ಕೇಳಬಹುದು. ನಮ್ಮದು 20 ಅಡಿ ಉದ್ದ, 15 ಅಡಿ ಅಗಲದ ಸಣ್ಣ ತುಂಡು. ಅವ್ವ ಸಂಜೆ ಹೊರಗೆ ಕೂರೋ ಜಾಗ ಅದೊಂದೇ.

ಈ ಬೇಸಿಗೆಯಲ್ಲಿ ಆ ಹುಲ್ಲಿನ ಮೇಲೇ ಮನೆಯಲ್ಲಿ ಪಂಚಾಯ್ತಿ ಶುರುವಾಯ್ತು. "ದಿನಾ ನೀರು ಹಾಕಿದ್ರೂ ಒಣಗತೈತಿ. ಕಿತ್ತು ಫರ್ಸಿ ಹಾಕಿಸಿಬಿಡೂಣು" ಅಂತ ಅಪ್ಪ. "ಬಿಸಲಾಗ ಫರ್ಸಿ ಮ್ಯಾಲೆ ರೊಟ್ಟಿ ಸುಡಬಹುದು, ಕುಂದ್ರಾಕ ಆಗಂಗಿಲ್ಲ" ಅಂತ ಅವ್ವ. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಕುಡಿಯೋ ನೀರಿಗೇ ಲೆಕ್ಕ ಹಾಕೋ ದಿನಗಳಲ್ಲಿ ಹುಲ್ಲಿಗೆ ಕೊಡ ಕೊಡ ಸುರಿಯೋದು ಯಾರಿಗೂ ಸಮಾಧಾನ ತರಲ್ಲ.

ಕುರ್ಪಿ ತಗೊಂಡು ಒಂದು ಮೂಲೆ ಕೊರೆದು ನೋಡಿದೆ. ಮೇಲೆ ಹಸಿರು, ಕೆಳಗೆ ಮಣ್ಣು, ನಡುವೆ ಕಂದು ಬಣ್ಣದ ಒಣ ಪದರ. ಸ್ಕೇಲ್ ಇಟ್ಟರೆ ಒಂದಿಂಚು! ಇದನ್ನೇ ಥ್ಯಾಚ್ ಅಂತಾರೆ. ಕತ್ತರಿಸಿ ಬಿದ್ದ ಎಲೆಚೂರು ಅಲ್ಲ ಇದು. ಅದು ಬೇಗ ಕೊಳೆತು ಗೊಬ್ಬರವಾಗುತ್ತೆ. ಥ್ಯಾಚ್ ಆಗೋದು ಸತ್ತ ಬಳ್ಳಿ, ಕಾಂಡ, ಬೇರುಗಳಿಂದ. ಅವು ಕೊಳೆಯೋದು ನಿಧಾನ. ಯೂರಿಯಾ ಜಾಸ್ತಿ ಹಾಕಿದಷ್ಟೂ ಬೆಳವಣಿಗೆ ಜೋರು, ಪದರವೂ ದಪ್ಪ. ಅರ್ಧ ಇಂಚಿನವರೆಗೆ ತೊಂದರೆಯಿಲ್ಲ, ಅದು ತೇವ ಕಾಪಾಡುತ್ತೆ. ಅದಕ್ಕಿಂತ ಜಾಸ್ತಿಯಾದರೆ ನೀರು ಮಣ್ಣಿಗೆ ಇಳಿಯಲ್ಲ, ಬೇರು ಮೇಲೇ ಉಳಿಯುತ್ತೆ. ಆಮೇಲೆ ಒಂದು ದಿನ ನೀರು ತಪ್ಪಿದರೂ ಹುಲ್ಲು ಸೊರಗುತ್ತೆ.

ಲೆಕ್ಕ ಸರಳ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ನೀರು ಅಂದರೆ ಒಂದು ಲೀಟರ್. ನಮ್ಮ 300 ಚದರ ಅಡಿ ಸುಮಾರು 28 ಚದರ ಮೀಟರ್. 10 ಮಿ.ಮೀ. ಹಾಯಿಸಿದರೆ 280 ಲೀಟರ್. ಅದರಲ್ಲಿ ಒಂದು ಪಾಲು ಬೇರಿಗೆ ತಲುಪದೆ ಒಣಪದರದಲ್ಲೇ ನಿಂತು ಆವಿಯಾದರೆ, ಅಪ್ಪನ ಸಿಟ್ಟಿಗೆ ಅರ್ಥ ಇದೆ.

ಯಾವಾಗ ಮಾಡಬೇಕು?

ಏಪ್ರಿಲ್–ಮೇ ಬಿಸಿಲಲ್ಲಂತೂ ಬೇಡ. ನಮ್ಮದು ಕರಕಿ, ಅಂದರೆ ಗಣಪನಿಗೆ ಏರಿಸೋ ಗರಿಕೆಯೇ. ಹೊರದೇಶದಲ್ಲಿ ಇದಕ್ಕೇ ಬರ್ಮುಡಾ ಗ್ರಾಸ್ ಅಂತಾರೆ. ಜೋರಾಗಿ ಬೆಳೆಯೋ ಕಾಲದಲ್ಲಿ ಗಾಯ ಮಾಡಿದರೆ ಬೇಗ ಮಾಯುತ್ತೆ. ನಮ್ಮ ಕಡೆ ಆ ಕಾಲ ಮಿರ್ಗ ಮಳೆ ಬಿದ್ದ ಮೇಲೆ, ಜೂನ್ ಮಧ್ಯದಿಂದ ಜುಲೈವರೆಗೆ. ಡಿಸೆಂಬರ್–ಜನವರಿ ಚಳಿಯಲ್ಲೂ ಕೈ ಹಾಕಬೇಡಿ, ಆಗ ಹುಲ್ಲು ಮಂದ.

ಮಾಡೋದು ಹೀಗೆ

ಎರೆಮಣ್ಣು ಹಸಿಯಿದ್ದಾಗ ತುಳಿದರೆ ಗಟ್ಟಿಯಾಗುತ್ತೆ. ಮಣ್ಣು ಹಿಡಿದು ನೋಡಿ. ಕೈಗೆ ಅಂಟಿದರೆ ಎರಡು ದಿನ ಕಾಯಿರಿ. ಚಪ್ಪಲಿ ಬೇಡ, ಬೂಟು ಹಾಕ್ಕೊಳ್ಳಿ, ಕೈಗೆ ಗ್ಲೌಸ್ ಇರಲಿ. ಒಣಪದರದಲ್ಲಿ ಚೇಳು ಇದ್ದೀತು.

ಹುಲ್ಲನ್ನು ಒಂದಿಂಚಿಗೆ ಕತ್ತರಿಸಿ. ಕಬ್ಬಿಣದ ಹಲ್ಲಿನ ರೇಕ್‌ನಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆಯಿರಿ. ಪೂರ್ತಿ ಬೋಳು ಮಾಡಬೇಡಿ. ಕಿತ್ತು ಬಂದದ್ದನ್ನು ಸುಡಬೇಡಿ, ತಿಪ್ಪೆಗೆ ಹಾಕಿ. ಜರಡಿ ಹಿಡಿದ ಗೊಬ್ಬರ, ಮರಳು ಬೆರೆಸಿ ಕಾಲು ಇಂಚಿನಷ್ಟು ಉದುರಿಸಿ ನೀರು ಹಾಯಿಸಿ. ವಾರ ಬಿಟ್ಟು, 300 ಚದರ ಅಡಿಗೆ 150 ಗ್ರಾಂ ಯೂರಿಯಾ ಸಾಕು. ಹಾಕಿದ ಕೂಡಲೇ ನೀರು ಕೊಡಿ.

ನಾನು ಎರಡು ಬೆಳಗ್ಗೆ ಕೆಲಸ ಮಾಡಿದೆ. ಮೂರು ಗೋಣಿಚೀಲ ಒಣಹುಲ್ಲು ಬಂತು. ಮೊದಲ ವಾರ ಅಂಗಳ ಬೋಳಿಸಿದ ತಲೆಯಂಗಿತ್ತು, ಅಪ್ಪ ಏನೂ ಅನ್ನಲಿಲ್ಲ, ನೋಡ್ಕೊಂಡು ಓಡಾಡಿದ್ರು. ಮೂರನೇ ವಾರಕ್ಕೆ ಚಿಗುರು ತುಂಬಿತು. ಫರ್ಸಿಯ ಮಾತು ಈಗ ಗೇಟಿನಿಂದ ಬಾಗಿಲವರೆಗಿನ ಕಾಲುದಾರಿಗೆ ಇಳಿದಿದೆ.

ಒಂದು ಮಾತು. ನಿಮ್ಮದು ಮೆಕ್ಸಿಕನ್ ಅಥವಾ ಕೊರಿಯನ್ ಹುಲ್ಲಾದರೆ ಅದು ಚೇತರಿಸಿಕೊಳ್ಳೋದು ನಿಧಾನ. ಒಂದು ವರ್ಷಕ್ಕೆ ಅರ್ಧ ಭಾಗ ಮಾತ್ರ ಮಾಡಿ. ಬೇಸಿಗೆಯಲ್ಲಿ ನೀರು ನಿಜಕ್ಕೂ ಕಡಿಮೆಯಾದರೆ ಕರಕಿಗೆ ನೀರು ನಿಲ್ಲಿಸಿ. ಕಂದಾಗುತ್ತೆ, ಆದರೆ ಮಣ್ಣೊಳಗಿನ ಗೆಡ್ಡೆಬೇರು ಅಷ್ಟು ಸುಲಭಕ್ಕೆ ಸಾಯಲ್ಲ. ಮಳೆ ಬಂದಾಗ ತಾನೇ ಏಳುತ್ತೆ. ಮನೆಯವರ ಕೊಡ ಮೊದಲು, ಹುಲ್ಲಿನ ಸರದಿ ಆಮೇಲೆ.